ಬಾವಿ ದುಂಡಗಿರಬೇಕು

ಹೋದ ವಾರ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ತಳಕು ದಾಟಿದ ಮೇಲೆ ರಸ್ತೆ ಬದಿಯ ಹೊಲವೊಂದರಲ್ಲಿ ಬೋರ್ ಲಾರಿ ನಿಂತು ಕೊರೆಯುತ್ತಿತ್ತು. ಬೂದು ಬಣ್ಣದ ಕಲ್ಲುಪುಡಿ ಮೋಡ ಕಟ್ಟಿಕೊಂಡು ಬಂದು ಬಸ್ಸಿನೊಳಕ್ಕೇ ನುಗ್ಗಿತು. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು. ಕಂಡಕ್ಟರು "ಕಿಟಕಿ ಹಾಕ್ರೀ" ಎಂದು ಕೂಗಿದ. ನಾನು ಮಾತ್ರ ಹಾಕಲಿಲ್ಲ. ಮೂಗು ಒಡ್ಡಿಕೊಂಡು ಕೂತೇ ಇದ್ದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಕಡೆ ತಿರುಗಿ, "ಯಾಕವ್ವ, ಮೈಯಾಗೆ ಹುಷಾರಿಲ್ಲೇನು" ಎಂದು ಕೇಳಿದಳು.

ಹುಷಾರಾಗಿಯೇ ಇದ್ದೆ. ಆ ಕಲ್ಲುಪುಡಿಗೆ ಒಣಗಿದ್ದಾಗ ಒಂದು ವಾಸನೆ, ತೇವ ತಗುಲಿದ ಕೂಡಲೇ ಇನ್ನೊಂದು ವಾಸನೆ. ಎರಡನ್ನೂ ನಾನು ಒಂದೇ ಬೇಸಿಗೆಯಲ್ಲಿ ಕಲಿತವಳು. ನಾಲ್ಕು ವರ್ಷದ ಹಿಂದಿನ ಬೇಸಿಗೆ ಅದು. ಅದೇ ಬೇಸಿಗೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತೆ. ನಮ್ಮ ಮನೆಮಂದಿಯ ಪ್ರಕಾರ ಎರಡನೆಯದೇ ದೊಡ್ಡ ಪವಾಡ.

ನನ್ನದು ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಶನ್, ಹೀಗೆ ದಿನವೆಲ್ಲ ಕೈ ತುಂಬ ಕೆಲಸ. ಕಂಪ್ಯೂಟರು ಚೆನ್ನಾಗಿ ಬರುತ್ತದೆ ಎಂಬ ಜಂಬವೂ ಇತ್ತು. ಸರ್ವರ್ ಡೌನ್ ಆದಾಗ ಜನ ನನ್ನ ಮೇಲೆ ರೇಗಿದರೆ ನಾನು ಅದರ ಎರಡರಷ್ಟು ರೇಗುತ್ತಿದ್ದೆ. "ನಮ್ಮ ಗಿರಿಜಿ ಬಾಯಿಗೆ ಬೀಗ ಇಲ್ಲ" ಎಂದು ನಮ್ಮವ್ವ ನೆಂಟರ ಮುಂದೆಯೇ ಹೇಳುತ್ತಿದ್ದಳು.

ನಮ್ಮವ್ವನ ತಮ್ಮ, ಅಂದರೆ ನನ್ನ ಸೋದರಮಾವ ರುದ್ರಪ್ಪ, ದೇವಸಮುದ್ರದವರು. ಅಂತರ್ಜಲದ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ನಂತರವೂ ಸುತ್ತಲ ಹಳ್ಳಿಯವರು ಬೋರ್ ಹಾಕಿಸುವ ಮುಂಚೆ ಅವರನ್ನು ಕರೆಸುತ್ತಿದ್ದರು. ನಮ್ಮ ಕಡೆ ಬೋರ್ ಪಾಯಿಂಟ್ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವವರು, ಬೇವಿನ ಕವಲುಕಡ್ಡಿ ಹಿಡಿಯುವವರು, ಈಚೆಗೆ ಮೊಬೈಲಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸುವವರು. ಇವರೆಲ್ಲರೂ "ಇಲ್ಲಿ ಐತೆ" ಎನ್ನುವವರೇ. ನಮ್ಮ ಮಾವ ಮಾತ್ರ ಹತ್ತು ಕಡೆ ನೋಡಿದರೆ ಎಂಟು ಕಡೆ "ಇಲ್ಲ" ಎಂದು ಹೇಳಿ ಎದ್ದು ಬರುತ್ತಿದ್ದರು. ಅದಕ್ಕೆ ಜನ ಅವರಿಗೆ ಇಲ್ಲಪ್ಪ ಎಂದೇ ಹೆಸರಿಟ್ಟಿದ್ದರು. ಆದರೂ ಕರೆಸುವುದನ್ನು ಬಿಟ್ಟಿರಲಿಲ್ಲ, ಯಾಕೆಂದರೆ ಇಲ್ಲಪ್ಪ ಒಂದು ಸಲ "ಐತೆ" ಎಂದರೆ ಅಲ್ಲಿ ನೀರು ಬರುತ್ತಿತ್ತು.

ಅವರ ಕೆಲಸದ ರೀತಿ ಹೀಗೆ. ಹೊಲದಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡೆಯುವುದು. ಹೊರಗಿನ ಎರಡಕ್ಕೆ ವೈರು ಕಟ್ಟಿ ನೆಲಕ್ಕೆ ಕರೆಂಟು ಬಿಡುವುದು, ಒಳಗಿನ ಎರಡಕ್ಕೆ ಕಟ್ಟಿದ ಮೀಟರು ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳುವುದು. ಆಮೇಲೆ ಹೊರಗಿನ ಗೂಟಗಳನ್ನು ಇನ್ನಷ್ಟು ದೂರ ಒಯ್ದು ಮತ್ತೆ ಅದೇ ಕೆಲಸ. ದೂರ ಹೋದಷ್ಟೂ ಆಳದ ಸುದ್ದಿ ಬರುತ್ತದಂತೆ. ಮನೆಗೆ ಬಂದು ಆ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಅದು ಒಂದು ಗೆರೆ ಎಳೆಯುತ್ತದೆ. ಮಾವ ಶಾಲೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸೆಟ್‌ಸ್ಕ್ವೇರನ್ನು ಪರದೆಯ ಮೇಲಿಟ್ಟು ಆ ಗೆರೆಯನ್ನು ನೋಡುತ್ತಿದ್ದರು. ಕೊನೆಯಲ್ಲಿ ಗೆರೆ ಸೆಟ್‌ಸ್ಕ್ವೇರಿನ ಓರೆ ಅಂಚಿಗೆ ಅಂಟಿಕೊಂಡು ಏರಿದರೆ ಕೆಳಗಿರುವುದು ಗಟ್ಟಿ ಬಂಡೆ, ಬೋರ್ ಹಾಕುವುದೇ ದಂಡ. ಅಂಚಿಗಿಂತ ತಗ್ಗಿ, ವಾಲಿಕೊಂಡು ಏರಿದರೆ ಬಂಡೆಯಲ್ಲಿ ಬಿರುಕಿದೆ, ನೀರಿನ ಆಸೆ ಇಟ್ಟುಕೊಳ್ಳಬಹುದು.

ಕಂಪ್ಯೂಟರು ಅಂದೆನಲ್ಲ, ಅದು ಇಲಾಖೆಯವರು ಗುಜರಿಗೆ ಹಾಕಿದಾಗ ಮಾವ ತಂದಿಟ್ಟುಕೊಂಡದ್ದು. ಡಾಸ್ ಕಾಲದ್ದು, ಮೌಸು ಕೂಡ ಇಲ್ಲ. ಕರಿ ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರ. ಅದರಲ್ಲಿದ್ದ ಪ್ರೋಗ್ರಾಮನ್ನು ಮಾವನ ಜೊತೆಗಿದ್ದ ಒಬ್ಬ ಇಂಜಿನಿಯರರು ತಾವೇ ಕೂತು ಬರೆದಿದ್ದರಂತೆ. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ವೋಲ್ಟೇಜು ಒಮ್ಮೆಲೇ ಏರಿ ದೇವಸಮುದ್ರದ ಅರ್ಧ ಊರಿನ ಟೀವಿಗಳು ಸುಟ್ಟವು. ಅವುಗಳ ಜೊತೆ ಇದೂ ಹೋಯಿತು. ಮಾವ ಮಂಚ ಹಿಡಿದರು. ಕಾಯಿಲೆ ಏನೂ ಇಲ್ಲ. ಕರೆಯಲು ಬಂದವರಿಗೆ "ನಂದು ಮುಗೀತಪ್ಪ, ಬೇರೆಯವರನ್ನ ನೋಡ್ಕಳ್ರಿ" ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು.

ಇದೇ ಹೊತ್ತಿಗೆ ಕೊಂಡ್ಲಹಳ್ಳಿಯಲ್ಲಿ ನಮ್ಮಕ್ಕ ರತ್ನ ಒಂದು ಸಾಹಸಕ್ಕೆ ಕೈ ಹಾಕಿದ್ದಳು. ಮದುವೆಯಾದ ಮೇಲೆ ಎಂಟು ವರ್ಷ ಬೇರೆಯವರ ನರ್ಸರಿಯಲ್ಲಿ ಕೆಲಸ ಮಾಡಿ ಕಲಿತವಳು, ಈಗ ತನ್ನದೇ ಹೊಲದಲ್ಲಿ ಸಸಿ ಬೆಳೆಸಲು ಹೊರಟಿದ್ದಳು. ಹುಣಸೆ, ಸೀತಾಫಲ, ನುಗ್ಗೆ, ಬೇವು. ಚಪ್ಪರ ಹಾಕಿ, ಕರಿ ಪ್ಲಾಸ್ಟಿಕ್ ಪ್ಯಾಕೆಟ್ಟುಗಳಿಗೆ ಮಣ್ಣು ತುಂಬಿ ಬೀಜ ಊರಿಯೂ ಆಗಿತ್ತು. ನುಗ್ಗೆ ಎರಡೆಲೆ ಬಿಟ್ಟು ನಿಂತಿತ್ತು. ನೀರನ್ನು ಊರ ನಲ್ಲಿಯಿಂದ ಕೊಡದಲ್ಲಿ ಹೊತ್ತು ತರುತ್ತಿದ್ದಳು. ಚೈತ್ರದ ಬಿಸಿಲಿಗೆ ಅದು ಎಷ್ಟು ದಿನ ನಡೆದೀತು? ನಮ್ಮ ಭಾವ ತಿಪ್ಪೇಸ್ವಾಮಿ ಒಂದೇ ಒಂದು ಬೋರಿಗೆ ಒಪ್ಪಿದ್ದರು. "ಒಂದು ಹಾಕಿಸ್ತೀನಿ. ಬಂದ್ರೆ ನಿನ್ನ ನರ್ಸರಿ, ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಈ ಮಾತು ಎತ್ತಬ್ಯಾಡ" ಎಂದು ಖಡಕ್ಕಾಗಿ ಹೇಳಿಬಿಟ್ಟಿದ್ದರು. ಪಕ್ಕದ ಹೊಲದವರು ತೆಂಗಿನಕಾಯಿಯವನನ್ನು ಕರೆಸುತ್ತೇವೆ ಎಂದರೂ ಅಕ್ಕ ಒಪ್ಪಲಿಲ್ಲ. "ರುದ್ರಪ್ಪಮಾವ ಹೇಳಿದ್ರೆ ಮಾತ್ರ ಕೊರಿಸೋದು" ಎಂದು ಪಟ್ಟು ಹಿಡಿದು ನನಗೆ ಫೋನ್ ಮಾಡಿದಳು.

"ಗಿರಿಜಿ, ಮಾವನ ಕಂಪ್ಯೂಟರ್ ಏನಾರ ಮಾಡಾಕೆ ಆಗ್ತೈತಾ?"

"ಅದೇನು ದೊಡ್ಡ ಬ್ರಹ್ಮವಿದ್ಯೆ? ನಾನು ಮಾಡ್ತೀನಿ ಬಿಡು" ಎಂದೆ. ನೋಡಿ, ಶುರುವಾದದ್ದೇ ಹೀಗೆ.

ದೇವಸಮುದ್ರಕ್ಕೆ ಹೋಗಿ ಸತ್ತ ಕಂಪ್ಯೂಟರಿನ ಹೊಟ್ಟೆಯಿಂದ ಹಾರ್ಡ್‌ಡಿಸ್ಕ್ ಬಿಚ್ಚಿಕೊಂಡು ಬಂದೆ. ಚಿತ್ರದುರ್ಗದಿಂದ ಒಂದು ಅಡಾಪ್ಟರು ತರಿಸಿ ಅಂಗಡಿಯ ಲ್ಯಾಪ್‌ಟಾಪಿಗೆ ಚುಚ್ಚಿದರೆ ಒಳಗಿಂದ ಗಿರಣಿಯಲ್ಲಿ ಕಲ್ಲು ಸಿಕ್ಕಿಕೊಂಡ ಸದ್ದು. ನನ್ನ ಪುಣ್ಯ, ಪ್ರೋಗ್ರಾಮಿದ್ದ ಫೋಲ್ಡರು ಪೂರ್ತಿ ಇಳಿಯುವವರೆಗೆ ಅದು ಉಸಿರು ಹಿಡಿದುಕೊಂಡಿತ್ತು. ಆಮೇಲೆ ಶಾಶ್ವತವಾಗಿ ಸುಮ್ಮನಾಯಿತು. ಪ್ರೋಗ್ರಾಮಿನ ಮೇಲೆ ಒತ್ತಿದೆ. ಇದು ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದು ಲ್ಯಾಪ್‌ಟಾಪು ಮರ್ಯಾದೆಯಿಂದಲೇ ತಿಳಿಸಿತು.

ಎಮ್ಯುಲೇಟರ್ ಎಂಬುದರ ಬಗ್ಗೆ ಕೇಳಿದ್ದೆ, ಕೈಯಿಟ್ಟಿರಲಿಲ್ಲ. ಅದು ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಕಟ್ಟುವ ತಂತ್ರಾಂಶ. ಹಳೆಯ ಪ್ರೋಗ್ರಾಮು ಆ ವೇಷ ನೋಡಿ ನಂಬಿ, ತನ್ನ ಕಾಲದಲ್ಲೇ ಇದ್ದೇನೆಂದುಕೊಂಡು ಕೆಲಸ ಮಾಡುತ್ತದೆ. ಆದರೆ ವೇಷ ಕಟ್ಟುವವರು ಯಾವ ವೇಷ ಎಂದು ಹೇಳಬೇಕಲ್ಲ? ಅದಕ್ಕೊಂದು ಸೆಟ್ಟಿಂಗಿನ ಕಡತ ಇರುತ್ತದೆ. ಸಾಲು ಸಾಲಾಗಿ ಇಂಗ್ಲಿಷು. ಯಂತ್ರ ಯಾವುದು, ವೇಗ ಎಷ್ಟು, ಪರದೆ ಎಂಥದು, ಕೀಬೋರ್ಡು ಯಾವ ದೇಶದ್ದು, ಒಂದೊಂದನ್ನೂ ನಾವೇ ಬರೆದು ಕೊಡಬೇಕು.

ಮಾವನನ್ನು ಮಂಚದಿಂದ ಎಬ್ಬಿಸಿ ಅಂಗಡಿಗೆ ಕರೆಸಿಕೊಂಡೆ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ಮೂಲೆಯ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ನನ್ನ ಒದ್ದಾಟ ನೋಡುತ್ತಿದ್ದರು. ಮೊದಲ ದಿನ ಪ್ರೋಗ್ರಾಮು ಇರುವ ಜಾಗವನ್ನೇ ಅದಕ್ಕೆ ತೋರಿಸಲು ಆಗಲಿಲ್ಲ. ಎರಡನೇ ದಿನ ಪ್ರೋಗ್ರಾಮು ತೆರೆಯಿತು, ಆದರೆ ಪರದೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ನಾನು ತಲೆ ಕೆರೆದುಕೊಂಡು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದರೆ ಮಾವ ನಗುತ್ತ, "ಜಟಿಂಗ ರಾಮೇಶ್ವರದ ಬೆಟ್ಟದ ಮ್ಯಾಲೆ ಅಶೋಕ ಬಂಡೆಗೆ ಕೊರಿಸಿದ್ದು ಇನ್ನೂ ಐತೆ. ನಿಮ್ಮದು ಮೂವತ್ತು ವರ್ಷಕ್ಕೇ ಓದಾಕೆ ಬರಲ್ದಂಗಾತು ನೋಡು" ಎಂದರು.

"ಹಂಗಾದ್ರೆ ನಿಮ್ಮ ಅಂಕಿ ಎಲ್ಲ ಬಂಡೆ ಮ್ಯಾಲೇ ಕೊರ್ಸ್ಕಳ್ರಿ ಮಾವ" ಎಂದೆ.

"ನಿನ್ನ ಬಾಯಿಗೆ ಹೆದರಿ ಬಂಡೇನೂ ಓಡಿಹೋಗ್ತೈತೆ."

ಐದನೇ ದಿನವೋ ಆರನೇ ದಿನವೋ ಗುಟ್ಟು ಸಿಕ್ಕಿತು. ಎಮ್ಯುಲೇಟರು ಬಣ್ಣದ ಪರದೆಯ ವೇಷ ಕಟ್ಟಿಕೊಂಡಿತ್ತು. ಮಾವನದು ಒಂದೇ ಬಣ್ಣದ ಹಳೆಯ ಕಾಲದ ಪರದೆ. ಆ ಸಾಲನ್ನು ತಿದ್ದಿದೆ. ಚುಕ್ಕಿಗಳೆಲ್ಲ ಮಾಯವಾಗಿ ಕಿತ್ತಳೆ ಬಣ್ಣದ ಅಕ್ಷರಗಳು ಸಾಲಾಗಿ ಬಂದು ನಿಂತವು. ಮಾವ ಮಂಡಕ್ಕಿ ಪೊಟ್ಟಣ ಕೆಳಗಿಟ್ಟು ಎದ್ದು ಬಂದರು. ವೇಗವೊಂದು ಹೆಚ್ಚಾಗಿತ್ತು, ಗೆರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೂಡಿಬಿಡುತ್ತಿತ್ತು. "ಅದು ಚುಕ್ಕಿ ಚುಕ್ಕಿಯಾಗಿ ಬರಬೇಕು, ಬರೋದನ್ನ ನೋಡಿದ್ರೇ ನಂಗೆ ತಿಳಿಯೋದು" ಎಂದರು. ವೇಗ ಇಳಿಸಿಕೊಟ್ಟೆ. ಈಗ ಗೆರೆ ಇರುವೆ ನಡೆದ ಹಾಗೆ ಬಂತು. ಮಾವನ ಕಣ್ಣು ಒದ್ದೆಯಾಯಿತು. ನಾನೂ ಮೂಗು ಒರೆಸಿಕೊಂಡೆ. ನನಗೆ ಅಷ್ಟು ಸಂತೋಷವಾದದ್ದು ಅಂಗಡಿ ತೆರೆದ ದಿನ ಬಿಟ್ಟರೆ ಅವತ್ತೇ.

ಪ್ರೋಗ್ರಾಮು ಶುರುವಾಗುವಾಗ ಮೊದಲು ಒಂದು ಚಿತ್ರ ಬರುತ್ತಿತ್ತು. ಆ ಇಂಜಿನಿಯರರು ಚಂದಕ್ಕೆಂದು ಹಾಕಿದ ಬಾವಿ, ಮೇಲಿನಿಂದ ನೋಡಿದ ಹಾಗೆ, ಕಲ್ಲು ಕಟ್ಟಿದ ಬಾಯಿ. ಅದನ್ನು ನೋಡಿ ಮಾವ ಕಣ್ಣು ಕಿರಿದು ಮಾಡಿದರು.

"ಲೇ ಅಮ್ಮಾಯಿ, ಬಾವಿ ಯಾಕೋ ಚಪ್ಪಟೆ ಆದಂಗೈತಲ್ಲ. ದುಂಡಗಿರ್ತಿತ್ತು."

ನಾನೂ ನೋಡಿದೆ. ಕೋಳಿಮೊಟ್ಟೆ ಮಲಗಿಸಿದ ಹಾಗೆ ಇತ್ತು. ಆದರೆ ಆರು ದಿನ ಒದ್ದಾಡಿ ಗೆದ್ದವಳಿಗೆ ಒಂದು ಕೊಂಕು ಹೇಳಿದರೆ ತಡೆದೀತೇ?

"ಹೊಸ ಸ್ಕ್ರೀನು ಅಗಲ ಇರ್ತವೆ ಮಾವ, ಹಂಗೇ ಕಾಣೋದು. ನಿಮ್ಗೆ ನೀರು ಹುಡುಕೋದು ಬರ್ತೈತೆ, ನಂಗೆ ಕಂಪ್ಯೂಟರ್ ಬರ್ತೈತೆ. ಇದನ್ನ ನಂಗೆ ಬಿಡ್ರಿ."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಮಾವ ಅವರನ್ನು ಒಮ್ಮೆ ನೋಡಿದರು, "ಹಂಗಂತೀಯಾ, ಆತು ಬಿಡು" ಎಂದು ಸ್ಟೂಲಿಗೆ ವಾಪಸು ಹೋದರು.

ಮೂರು ದಿನ ಬಿಟ್ಟು ಕೊಂಡ್ಲಹಳ್ಳಿಯಲ್ಲಿ ಗೂಟ ಹೊಡೆದೆವು. ನೆಲ ಎಷ್ಟು ಒಣಗಿತ್ತೆಂದರೆ ಒಂದೊಂದು ಗೂಟದ ಬುಡಕ್ಕೂ ಉಪ್ಪುನೀರು ಸುರಿದರೆ ಮಾತ್ರ ಮೀಟರಿನ ಮುಳ್ಳು ಅಲ್ಲಾಡುತ್ತಿತ್ತು. ಆ ಉಪ್ಪುನೀರಿಗೂ ಅಕ್ಕ ತನ್ನ ಸಸಿಗಳ ಪಾಲಿನಿಂದಲೇ ಚೊಂಬು ಚೊಂಬು ಕೊಟ್ಟಳು. ಭಾವ ಒಂದು ಕಡೆ, ನಾನು ಒಂದು ಕಡೆ ವೈರು ಎಳೆದುಕೊಂಡು ಓಡಾಡಿದೆವು. ಮಾವ ಮೀಟರು ನೋಡಿ ಅಂಕಿ ಕೂಗುವುದು, ಅಕ್ಕ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹಿಂದೆಲ್ಲ ಮಾವ ಅಂಕಿಗಳನ್ನು ಮನೆಗೆ ಒಯ್ದು, ಗೆರೆ ನೋಡಿ, ಒಂದು ರಾತ್ರಿ ಮಲಗೆದ್ದ ಮೇಲೆ ಉತ್ತರ ಹೇಳುತ್ತಿದ್ದರು. ಈಗ ಲ್ಯಾಪ್‌ಟಾಪು ಬೇವಿನ ಮರದ ನೆರಳಿನಲ್ಲೇ ಇತ್ತು. ಅಲ್ಲೇ ಅಂಕಿ ಹಾಕಿದೆ. ಗೆರೆ ಇರುವೆಯಂತೆ ಇಳಿಯಿತು, ತಿರುಗಿತು, ಏರಿತು. ಮಾವ ಸೆಟ್‌ಸ್ಕ್ವೇರು ಇಟ್ಟರು. ಗೆರೆ ಓರೆ ಅಂಚಿಗಿಂತ ತಗ್ಗಿ ವಾಲಿಕೊಂಡಿತ್ತು.

ಮಾವ ಮತ್ತೊಮ್ಮೆ ಇಟ್ಟು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಐತೆ ಕಣವ್ವ" ಎಂದರು.

ಇಲ್ಲಪ್ಪನ ಬಾಯಲ್ಲಿ ಐತೆ. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಭಾವ ಸುಣ್ಣದಲ್ಲಿ ಗುರುತು ಹಾಕಿ, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದರು. ಬೋರ್ ಲಾರಿ ಸಿಗುವುದೇ ಕಷ್ಟದ ಕಾಲ. ಹಾಗೂ ಹೀಗೂ ರಾಯದುರ್ಗದ ಕಡೆಯವರ ಲಾರಿ ಗೊತ್ತಾಯಿತು, ಮರುದಿನ ಬಿಟ್ಟು ಅದರ ಮರುದಿನ ಬೆಳಿಗ್ಗೆ ಬರುತ್ತೇವೆ ಎಂದರು. ಮಾವ ಅಕ್ಕನ ಮನೆಯಲ್ಲೇ ಉಳಿದರು. ನಾನು ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು, ನೆಲಕ್ಕೆ ಕಾಲು ತಾಗದವಳ ಹಾಗೆ ಚಳ್ಳಕೆರೆಗೆ ಬಂದೆ.

ಮರುದಿನ ಮಧ್ಯಾಹ್ನ ಒಂದು ಹುಡುಗಿ ನರ್ಸಿಂಗ್ ಅರ್ಜಿ ತುಂಬಿಸಲು ಬಂದಳು. ಫೋಟೋ ಇಂತಿಷ್ಟೇ ಅಗಲ, ಇಂತಿಷ್ಟೇ ಎತ್ತರ ಇರಬೇಕೆಂದು ವೆಬ್‌ಸೈಟಿನ ಹಟ. ಅವಸರಕ್ಕೆ ನಾನು ಮೂಲೆ ಹಿಡಿದು ಎಳೆದೆ. ಹುಡುಗಿ ಪರದೆ ನೋಡಿ ಮುಖ ಸಣ್ಣ ಮಾಡಿದಳು.

"ಅಕ್ಕಾ, ನನ್ನ ಮುಖ ಹಿಂಗೆ ಅಗಲ ಇಲ್ಲ. ಚಪ್ಪಟೆ ಮಾಡಿದ್ದೀರಾ ನೋಡ್ರಿ."

"ಹೊಸ ಸ್ಕ್ರೀನು" ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ. ಬಾವಿ ಕಣ್ಣ ಮುಂದೆ ಬಂತು. ಬಾವಿ ಚಪ್ಪಟೆ ಆಗಿದ್ದರೆ ಗೆರೆಯೂ ಚಪ್ಪಟೆ ಆಗಿರಬೇಕಲ್ಲ. ಹುಡುಗಿಯನ್ನು ಹಾಗೇ ಕೂರಿಸಿ ಎಮ್ಯುಲೇಟರಿನ ಕಡತ ತೆರೆದೆ. ಹಳೆಯ ಪರದೆಗಳ ಅಗಲ ಎತ್ತರದ ಲೆಕ್ಕ ಬೇರೆ, ಅದನ್ನು ಸರಿತೂಗಿಸುವುದಕ್ಕೇ ಒಂದು ಸಾಲು ಇತ್ತು. ನಾನು ಅದನ್ನು ಓದಿಯೂ ಇರಲಿಲ್ಲ. ಬೇಡ ಎಂದಿತ್ತು, ಬೇಕು ಎಂದು ತಿದ್ದಿದೆ. ಒಂದೇ ಪದ. ಪ್ರೋಗ್ರಾಮು ತೆರೆದೆ. ಬಾವಿ ಬಳೆಯಂತೆ ದುಂಡಗೆ ಬಂತು. ಅಕ್ಕನ ಹೊಲದ ಅಂಕಿ ಕೊಟ್ಟೆ. ಗೆರೆ ಇಳಿಯಿತು, ತಿರುಗಿತು, ನೆಟ್ಟಗೆ ಏರಿತು. ಅಂಗಡಿಯಲ್ಲಿ ಮಾರಲು ಇಟ್ಟಿದ್ದ ಜಾಮಿಟ್ರಿ ಬಾಕ್ಸ್ ಒಡೆದು ಸೆಟ್‌ಸ್ಕ್ವೇರ್ ಇಟ್ಟು ನೋಡಿದೆ. ಓರೆ ಅಂಚಿಗೆ ಅಂಟಿಕೊಂಡೇ ಹೋಗಿತ್ತು.

ಬೆಳಗಾದರೆ ಬೋರ್ ಲಾರಿ. ಮಾವ ಫೋನಿನಲ್ಲಿ ಕೇಳಿಸಿಕೊಳ್ಳುವವರಲ್ಲ, ಇದು ಫೋನಿನಲ್ಲಿ ಹೇಳುವ ಮಾತೂ ಅಲ್ಲ. ಆ ಹುಡುಗಿಯ ಅರ್ಜಿ ಸರಿಯಾಗಿ ತುಂಬಿಕೊಟ್ಟು, ಅವಳಿಂದ ದುಡ್ಡೂ ತೆಗೆದುಕೊಳ್ಳದೆ ಅಂಗಡಿ ಬಾಗಿಲು ಎಳೆದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರಲ್ಲ, ನಾನು ಕುಯ್ದದ್ದು ಮಾವನ ಮೂಗು. ಅವರು ಕಣ್ಣಾರೆ ಕಂಡು ಹೇಳಿದ ಮಾತನ್ನು ನಾಲ್ಕು ಜನರ ಮುಂದೆ ಹೊಡೆದು ಹಾಕಿದ್ದೆ.

ಹೊತ್ತು ಮುಳುಗುವ ಮುಂಚೆ ಕೊಂಡ್ಲಹಳ್ಳಿ ಸೇರಿದೆ. ಅಕ್ಕ ಸಸಿಗಳಿಗೆ ಚೊಂಬಿನಲ್ಲಿ ನೀರು ಹನಿಸುತ್ತಿದ್ದಳು. ನನ್ನನ್ನು ನೋಡಿ, "ನಾಳೆ ನೋಡಾಕೆ ಇವತ್ತೇ ಬಂದ್ಯಾ" ಎಂದು ಹಿಗ್ಗಿದಳು. ನಾನು ನೆಟ್ಟಗೆ ಬೇವಿನ ಮರದಡಿ ಕೂತಿದ್ದ ಮಾವನ ಹತ್ತಿರ ಹೋಗಿ ಲ್ಯಾಪ್‌ಟಾಪು ತೆರೆದೆ. ಬಾವಿ ತೋರಿಸಿದೆ. ಗೆರೆ ತೋರಿಸಿದೆ. ಮಾವ ಸೆಟ್‌ಸ್ಕ್ವೇರು ಇಟ್ಟು ಬಹಳ ಹೊತ್ತು ನೋಡಿದರು.

"ಬಂಡೆ" ಎಂದರು.

"ತಪ್ಪು ನಂದು ಮಾವ. ನಿಮ್ಮ ಮಾತು ನಾನು ಕೇಳ್ಬೇಕಿತ್ತು. ನಾನೇ ಭಾವಂಗೆ ಹೇಳ್ತೀನಿ."

"ಸುಮ್ನಿರು. ಸೆಟ್‌ಸ್ಕ್ವೇರ್ ಹಿಡಿದ ಕೈ ಯಾರದು? ಬಾವಿ ಚಪ್ಪಟೆ ಐತೆ ಅಂತ ಕಂಡಿದ್ದು ಯಾರ ಕಣ್ಣಿಗೆ? ಕಂಡೂ ಕಾಣ್ದಂಗೆ ಇದ್ದೆ." ಮಾವ ಚಪ್ಪರದ ಕಡೆ ನೋಡಿದರು. "ರತ್ನಿಗೆ ಇಲ್ಲ ಅನ್ನಾಕೆ ನಂಗೆ ಮನಸ್ಸಿರಲಿಲ್ಲ ಕಣಮ್ಮ. ಐತೆ ಅನ್ನಬೇಕು ಅಂತ ಆಸೆ ಇತ್ತು. ಆಸೆ ಇಟ್ಕಂಡು ಗೆರೆ ನೋಡಬಾರ್ದು. ನಾಳೆ ಮಾತಾಡೋದು ನಾನು. ನೀನು ಬಾಯಿ ತೆರೀಬ್ಯಾಡ. ಆಣೆ ಮಾಡು."

ಆಣೆ ಮಾಡಿದೆ.

ಬೆಳಿಗ್ಗೆ ಲಾರಿ ಬರುವ ಹೊತ್ತಿಗೆ ಹೊಲದಲ್ಲಿ ಅರ್ಧ ಊರು ಸೇರಿತ್ತು. ಇಲ್ಲಪ್ಪ ಐತೆ ಅಂದ ಜಾಗ ನೋಡಲು ಬಂದಿದ್ದವರು. ಸುಣ್ಣದ ಗುರುತಿನ ಮೇಲೆ ಲಾರಿ ಹಿಮ್ಮುಖವಾಗಿ ಬರುತ್ತಿದ್ದಾಗ ಮಾವ ನಡೆದು ಹೋಗಿ ಗುರುತಿನ ಮೇಲೆಯೇ ನಿಂತುಬಿಟ್ಟರು. ಲಾರಿಯ ಮೇಸ್ತ್ರಿ ಇಳಿದು ಬಂದು, ಬೇಡ ಅಂತೀರಾ ಎಂದು ತೆಲುಗಿನಲ್ಲಿ ಕೇಳಿದ.

"ಏಂದಿ ಪೆದ್ದಾಯನಾ, ವದ್ದಂಟಾರಾ?"

"ವದ್ದು ನಾಯನಾ. ಇಕ್ಕಡ ಅಂತಾ ಬಂಡೇ" ಎಂದು ಮಾವ ಅವನಿಗೆ ಇಲ್ಲೆಲ್ಲ ಬಂಡೆ, ಬೇಡವೆಂದು ತೆಲುಗಿನಲ್ಲೇ ಹೇಳಿ, ಭಾವನ ಕಡೆ ತಿರುಗಿದರು. "ತಿಪ್ಪೇಸ್ವಾಮಿ, ಮೊನ್ನೆ ನಾನು ನೋಡಿದ್ದು ತಪ್ಪು. ಇಲ್ಲಿ ನೀರಿಲ್ಲ."

ಜನ ಗುಸುಗುಸು ಶುರು ಮಾಡಿದರು. ಭಾವನ ಮುಖ ಕೆಂಪಾಯಿತು. "ಏನ್ ಮಾವ ಇದು? ಪೂಜೆ ಆಗೈತೆ, ಗಾಡಿ ಬಂದು ನಿಂತೈತೆ. ಮೊನ್ನೆ ಒಂದು ನಾಲಿಗೆ, ಇವತ್ತು ಒಂದು ನಾಲಿಗೆನಾ?"

"ನಾಲಿಗೆ ಒಂದೇ. ಮೊನ್ನೆ ಅಳತೆ ತಪ್ಪಿದ್ದೆ. ವಯಸ್ಸಾತು ಅನ್ಕೋ. ಇನ್ನೆರಡು ದಿನ ಕೊಡು, ಹೊಲ ಪೂರ್ತಿ ನೋಡ್ತೀನಿ. ಎಲ್ಲೂ ಇಲ್ಲ ಅಂದ್ರೆ ಇಲ್ಲ ಅಂತಾನೇ ಹೇಳ್ತೀನಿ."

ಹಿಂದಿನಿಂದ ಯಾರೋ "ಮುದುಕಂಗೆ ಅರಳುಮರಳು" ಎಂದರು. ನನ್ನ ನಾಲಿಗೆ ಹಲ್ಲಿನ ಹಿಂದೆ ಕುದಿಯುತ್ತಿತ್ತು. ಮಾವ ನನ್ನ ಕಡೆ ಒಂದು ನೋಟ ಬೀರಿದರು. ತುಟಿ ಕಚ್ಚಿಕೊಂಡು ನಿಂತೆ. ಅಕ್ಕ ಭಾವನ ಪಕ್ಕ ಬಂದಳು. "ಗಾಡಿ ಕಳ್ಸ್ರಿ. ಐತೆ ಅಂದಾಗ ನಂಬಿದ್ವಿ, ಇಲ್ಲ ಅಂದಾಗ್ಲೂ ನಂಬಣ" ಎಂದಳು. ಮೇಸ್ತ್ರಿ ಒಳ್ಳೆಯವನು. ಕಾಫಿ ಕುಡಿದು, ಪಕ್ಕದೂರಿನ ಕೆಲಸ ಮುಗಿಸಿಕೊಂಡು ನಾಲ್ಕು ದಿನ ಬಿಟ್ಟು ಬರುತ್ತೇವೆ ಎಂದು ಹೋದ.

ಎರಡು ದಿನ ಬಿಸಿಲಿನಲ್ಲಿ ಹೊಲದ ಮೂಲೆ ಮೂಲೆಗೂ ಗೂಟ ಹೊಡೆದೆವು. ಈ ಸಲ ಮಾವ ಒಂದು ಹೊಸ ಪದ್ಧತಿ ತಂದರು. ಲ್ಯಾಪ್‌ಟಾಪು ತೆರೆದ ಕೂಡಲೇ ಅಕ್ಕನ ಕೈಯಿಂದ ಒಂದು ಗಾಜಿನ ಬಳೆ ಬಿಚ್ಚಿಸಿ ನನಗೆ ಕೊಟ್ಟು, "ಬಾವಿ ಮ್ಯಾಲೆ ಇಟ್ಟು ನೋಡು, ದುಂಡಗೈತಾ?" ಎನ್ನುವುದು. ಬಳೆಯ ಅಂಚೂ ಬಾವಿಯ ಅಂಚೂ ಸರಿಯಾಗಿ ಕೂತ ಮೇಲೆಯೇ ಅಂಕಿ ಹಾಕುವುದು. "ಐತೆ ಮಾವ" ಎಂದು ನಾನು ಹೇಳುವವರೆಗೆ ಅವರು ಸೆಟ್‌ಸ್ಕ್ವೇರನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. ಬಡಗಣ ಮೂಲೆ, ಇಲ್ಲ. ನಡುಹೊಲ, ಇಲ್ಲ. ಹುಣಸೆಮರದ ಹತ್ತಿರ, ಇಲ್ಲ. ಎರಡನೇ ದಿನ ಸಂಜೆ, ದನಕರುಗಳಿಗೆ ಮಳೆನೀರು ನಿಲ್ಲಲೆಂದು ಹಿಂದಿನವರು ತೋಡಿದ್ದ ಗೋಕಟ್ಟೆಯ ಬದಿಯಲ್ಲಿ ಕೊನೆಯ ಗೂಟ. ಕಟ್ಟೆ ಬಿರುಕು ಬಿಟ್ಟು ಒಣಗಿತ್ತು. ಗೆರೆ ಇಳಿಯಿತು, ಇಳಿಯುತ್ತಲೇ ಹೋಯಿತು, ಬಹಳ ತಡವಾಗಿ ತಿರುಗಿ ವಾಲಿಕೊಂಡು ಏರಿತು. ಮಾವ ಸೆಟ್‌ಸ್ಕ್ವೇರು ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ರಾತ್ರಿ ಮಲಗಿ ಎದ್ದು ಹೇಳ್ತೀನಿ" ಎಂದರು ಮಾವ.

ಬೆಳಿಗ್ಗೆ ಎದ್ದು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ರೊಟ್ಟಿ ತಿಂದು, ಆಮೇಲೆ ಹೇಳಿದರು. "ನೋಡಬಹುದು."

ಐತೆ ಎನ್ನಲಿಲ್ಲ. ಅಷ್ಟಕ್ಕೇ ಅಕ್ಕ ಗುರುತು ಹಾಕಿಸಿದಳು. ಲಾರಿ ಬಂತು. ಮೊದಲು ಕೆಮ್ಮಣ್ಣು ಬಂತು, ಆಮೇಲೆ ಬಿಳಿ ಪುಡಿ, ಆಮೇಲೆ ಬೂದು ಪುಡಿ. ಮಧ್ಯಾಹ್ನದವರೆಗೂ ಪುಡಿಯೇ. ಎಲ್ಲರ ತಲೆ, ಹುಬ್ಬು, ರೆಪ್ಪೆ ಬೂದಿ ಹಚ್ಚಿಕೊಂಡ ಹಾಗಾಯಿತು. ಭಾವ ಟವೆಲ್ ತಲೆಗೆ ಹಾಕಿಕೊಂಡು ದೂರ ಹೋಗಿ ಕೂತರು. ಮಾವ ಮಾತ್ರ ಪುಡಿಯ ಗುಡ್ಡೆಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತು, ಆಗಾಗ ಚಿಟಿಕೆ ತೆಗೆದು ಮೂಸುತ್ತಿದ್ದರು. ಒಂದು ಸಲ ಮೂಸಿದವರು ನನ್ನನ್ನು ಕೈ ಮಾಡಿ ಕರೆದರು. ಅಂಗೈಯಲ್ಲಿದ್ದುದನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಒಣ ಪುಡಿಯ ಸುಟ್ಟ ವಾಸನೆ ಇರಲಿಲ್ಲ. ಹೊಸ ಮಡಕೆಗೆ ಮೊದಲು ನೀರು ಹಾಕಿದಾಗ ಬರುವ ವಾಸನೆ ಇತ್ತು.

"ಯಾರಿಗೂ ಹೇಳಬ್ಯಾಡ" ಎಂದರು. ಹೇಳಲಿಲ್ಲ. ಕಾಲು ಗಂಟೆಯ ನಂತರ ಪುಡಿ ಕೆಸರಾಯಿತು, ಕೆಸರು ನೀರಾಯಿತು. ಒಂದೂವರೆ ಇಂಚು ಎಂದು ಮೇಸ್ತ್ರಿ ಕೂಗಿದ. ಊರೆಲ್ಲ ಕೇಕೆ ಹಾಕುವಂಥ ನೀರೇನಲ್ಲ. ಆದರೆ ಒಂದು ನರ್ಸರಿಗೆ ಧಾರಾಳವಾಯಿತು. ಅಕ್ಕ ಆ ಕೆಸರುನೀರನ್ನೇ ಕೊಡದಲ್ಲಿ ಹಿಡಿದುಕೊಂಡು ಚಪ್ಪರದ ಕಡೆ ಓಡಿದಳು. ಭಾವ ಬಂದು ಮಾವನ ಕಾಲು ಮುಟ್ಟಿದರು.

ಮುಂಗಾರು ಬಿದ್ದು ಗೋಕಟ್ಟೆಯಲ್ಲಿ ನೀರು ನಿಂತ ಮೇಲೆ ಬೋರಿನ ಹತ್ತಿರ ಗಂಗಮ್ಮನ ಪೂಜೆ ಇಟ್ಟುಕೊಂಡರು. ಪೂಜೆ ಮುಗಿಸಿ ಅಕ್ಕನೂ ನಾನೂ ಕಟ್ಟೆಯ ಏರಿ ಮೇಲೆ ಕೂತಿದ್ದೆವು. ನನಗೆ ತಡೆಯಲಾಗಲಿಲ್ಲ. ಮಾವನ ಆಣೆ ಲಾರಿ ಬಂದ ದಿನಕ್ಕೆ ಮಾತ್ರ ಎಂದು ಸಮಾಧಾನ ಮಾಡಿಕೊಂಡು, ಬಾವಿ ಚಪ್ಪಟೆಯಾದದ್ದು, ನಾನು ಮಾವನ ಬಾಯಿ ಮುಚ್ಚಿಸಿದ್ದು, ತಪ್ಪಿದ್ದು ಅವರಲ್ಲ, ನಾನು ಎಂದು ಎಲ್ಲ ಹೇಳಿಬಿಟ್ಟೆ. ಅಕ್ಕ ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

"ನಂಗೆ ಗೊತ್ತಿತ್ತು ಬಿಡೇ" ಎಂದಳು.

"ಹೆಂಗೆ? ಮಾವ ಹೇಳಿದ್ರಾ?"

"ಅವರೆಲ್ಲಿ ಹೇಳ್ತಾರೆ. ಅವತ್ತು ಅಷ್ಟು ಜನದ ಮುಂದೆ ಮಾವಂಗೆ ಅರಳುಮರಳು ಅಂದ್ರು. ನೀನು ಒಂದು ಮಾತೂ ಆಡ್ಲಿಲ್ಲ. ನೀನು ಸುಮ್ನಿದ್ದಾಗ್ಲೇ ನಂಗೆ ತಿಳೀತು."

ಅಳು ಬಂತು. ಅಕ್ಕ ಸುಲಿದ ಬೀಜವನ್ನು ನನ್ನ ಕೈಗೆ ಸುರಿದು, "ತಿನ್ನು" ಎಂದಳು.

ಸುಣ್ಣದ ಗುರುತಿದ್ದ ಆ ಮೊದಲಿನ ಜಾಗವನ್ನು ಇವತ್ತಿಗೂ ಯಾರೂ ಕೊರೆಸಿಲ್ಲ. ಅಲ್ಲೀಗ ಸೀತಾಫಲದ ಸಾಲು ಇದೆ. ಕೆಳಗೆ ನಿಜವಾಗಿ ಏನಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಮಾವ ಜೀವನವಿಡೀ ಇಲ್ಲ ಎಂದ ಜಾಗಗಳೆಲ್ಲ ಹೀಗೇ ಉಳಿದಿವೆ. ಐತೆ ಎಂದವನಿಗೆ ನೀರೇ ಸಾಕ್ಷಿ ಹೇಳುತ್ತದೆ, ಇಲ್ಲ ಎಂದವನಿಗೆ ಸಾಕ್ಷಿ ಯಾರೂ ಇಲ್ಲ. ಅದು ನನಗೆ ಆ ವರ್ಷ ಅರ್ಥವಾಯಿತು.

ಹೋದ ವಾರ ಬಸ್ಸಿನಲ್ಲಿ ಹೊರಟಿದ್ದೆನಲ್ಲ, ಅದೂ ಇದೇ ಕೆಲಸಕ್ಕೆ. ದೇವಸಮುದ್ರದ ಆಚೆಗೆ ಒಂದು ಹೊಲ ನೋಡುವುದಿತ್ತು. ಮಾವನಿಗೆ ಈಗ ಗೂಟ ಹೊಡೆಯಲು ಆಗುವುದಿಲ್ಲ, ಕಣ್ಣು ಮಾತ್ರ ಆಪರೇಶನ್ ಆದ ಮೇಲೆ ಚುರುಕಾಗಿದೆ. ನಾನು ಹೋಗಿ ಇಳಿದರೆ ಮಾವ ಆಗಲೇ ಬಂದು ಕೂತಿದ್ದರು, ಹೊಲದ ಒಡತಿ ಎಲೆ ಅಡಿಕೆ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಾಯುತ್ತಿದ್ದಳು. ತಟ್ಟೆಯಲ್ಲಿ ಒಂದು ಜೊತೆ ಹೊಸ ಗಾಜಿನ ಬಳೆ.

"ಮಿಷನ್‌ಗೆ ಬಳೆ ಇಟ್ರೆ ಗಂಗಮ್ಮ ಒಲೀತಾಳಂತಲ್ರಿ. ಕೊಂಡ್ಲಹಳ್ಳಿಯವರು ಹೇಳಿದ್ರು" ಎಂದಳು.

ಹಳೆಯ ಗಿರಿಜಿ ಆಗಿದ್ದರೆ ಅವಳಿಗೆ ಅರ್ಧ ಗಂಟೆ ಪಾಠ ಮಾಡುತ್ತಿದ್ದೆ. ಮಾವನ ಕಡೆ ನೋಡಿದೆ. ಅವರು ಮೀಸೆಯಲ್ಲೇ ನಗುತ್ತಿದ್ದರು. ನಾನು ತಟ್ಟೆಯಿಂದ ಒಂದು ಬಳೆ ತೆಗೆದುಕೊಂಡೆ. ಲ್ಯಾಪ್‌ಟಾಪು ತೆರೆದು ಎಮ್ಯುಲೇಟರು ಶುರು ಮಾಡಿದೆ. ಕಿತ್ತಳೆ ಬಣ್ಣದ ಬಾವಿ ಬಂತು. ಬಳೆ ಇಟ್ಟು ಸುತ್ತಲೂ ಕಣ್ಣಾಡಿಸಿದೆ. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ.

"ಬಾವಿ ದುಂಡಗೈತಾ?" ಎಂದು ಮಾವ ಕೇಳಿದರು.

"ತಡೀರಿ ಮಾವ" ಎಂದು ಇನ್ನೊಮ್ಮೆ ನೋಡಿದೆ. "ಹೂಂ, ಈಗ ದುಂಡಗೈತೆ."

ಮಾವ ಜೇಬಿನಿಂದ ಸೆಟ್‌ಸ್ಕ್ವೇರು ತೆಗೆದರು.